ಮುಂದಿನ ವರ್ಷದ ದೋಣಿ

ಹೊಲಿಗೆಯಕ್ಕನ ಕೋಣೆ ಇರುವುದು ಮಹಡಿಯ ಮೇಲೆ. ಅಲ್ಲಿ ಕುರ್ಚಿಯಿಲ್ಲ, ಮೇಜಿಲ್ಲ, ಮಂಚವಂತೂ ಇಲ್ಲವೇ ಇಲ್ಲ. ಗೋಡೆಯಿಂದ ಗೋಡೆಗೆ ಬರೀ ಮರದ ನೆಲ. ನಡುವೆ ಒಂದು ಚೌಕ ಗುಂಡಿ, ಗುಂಡಿಯೊಳಗೆ ಹೊಲಿಗೆ ಯಂತ್ರ, ಯಂತ್ರದ ಹಿಂದೆ ಅವಳು. ಅವಳು ಹೊಲಿಯುವುದು ದೋಣಿಗಳ ಹಾಯಿ. ಹಾಯಿ ಎಂದರೆ ಅಂಗಿಯೋ ಲಂಗವೋ ಅಲ್ಲವಲ್ಲ, ಮಡಿಲಲ್ಲಿಟ್ಟುಕೊಂಡು ಹೊಲಿಯಲು! ಹರಡಿದರೆ ಕೋಣೆ ತುಂಬಿ, ಬಾಗಿಲು ದಾಟಿ, ಮೆಟ್ಟಿಲ ಮೇಲೂ ಇಳಿಯುತ್ತದೆ. ಯಂತ್ರ ನೆಲದ ಮಟ್ಟದಲ್ಲೇ ಇದ್ದರೆ ಬಟ್ಟೆ ಎಳೆದಾಡದೆ ಸಲೀಸಾಗಿ ಸರಿಯುತ್ತದೆಂದು ಯೋಚಿಸಿ, ಇಡೀ ಕೋಣೆಗೆ ಮೊಣಕಾಲೆತ್ತರದ ಮರದ ಅಟ್ಟಣೆ ಹಾಕಿ, ನಡುವೆ ಗುಂಡಿ ಬಿಟ್ಟುಕೊಟ್ಟವನು ಅವಳ ಗಂಡ. ಆ ನೆಲದ ಮೇಲೆ ಬರಿಗಾಲಲ್ಲಿ ನಡೆದರೂ ಹಲಗೆ ಎಲ್ಲಿ ಮುಗಿದು ಎಲ್ಲಿ ಶುರುವಾಯಿತೆಂದು ಗೊತ್ತಾಗದು. ಮದುವೆಯಾದ ಹೊಸತರಲ್ಲಿ ಮಾಡಿಕೊಟ್ಟದ್ದು. ಹೇಳಿದ ದಿನಕ್ಕೆ ಸರಿಯಾಗಿ ಮುಗಿಸಿಯೂ ಕೊಟ್ಟಿದ್ದ. ಇದನ್ನು ನೆನೆಸಿಕೊಂಡಾಗಲೆಲ್ಲ ಅವಳಿಗೆ ಇನ್ನೂ ಹೆಚ್ಚು ಮೈ ಉರಿಯುತ್ತದೆ.

ಏಕೆಂದರೆ ಅದೇ ಮನುಷ್ಯ, ಅದೇ ಕೈ, ಕಿಟಕಿಯ ಕೆಳಗೆ, ಊರವರ ದೋಣಿಗಳನ್ನು ರಿಪೇರಿಗೆ ಎತ್ತಿಡುವ ಅಂಗಳದಲ್ಲಿ ನಿಂತಿರುವ ದೋಣಿಯೊಂದನ್ನು ಅವರ ಮಗಳು ಹುಟ್ಟಿ, ಓದಿ, ಕೆಲಸಕ್ಕೆ ಸೇರಿ, ಮದುವೆಯಾಗಿ ಬೇರೆ ಊರಿಗೆ ಹೋದರೂ ನೀರಿಗೆ ಇಳಿಸಿರಲಿಲ್ಲ.

ಗಂಡ ವೃತ್ತಿಯಲ್ಲಿ ಬಡಗಿ. ಬಾಗಿಲು, ಕಿಟಕಿ, ಬೀರು ಅವನ ಕಸುಬು. ಅವನು ಮಾಡಿದ ಬೀರುವಿನ ಬಾಗಿಲು ಮುಚ್ಚಿದರೆ ನಡುವೆ ಒಂದು ಹಾಳೆಯೂ ತೂರುವುದಿಲ್ಲ. ಅಂಗಳದವರು ಅವನಿಗೆ ಇಟ್ಟ ಹೆಸರು ಉಜ್ಜಣ್ಣ. ಯಾವಾಗ ನೋಡಿದರೂ ಕೈಯಲ್ಲಿ ಸ್ಯಾಂಡ್‌ಪೇಪರ್, ಮೈಮೇಲೆ ಮರದ ಪುಡಿ. ಮಾತಾಡುತ್ತ ನಿಂತರೂ ಪಕ್ಕದಲ್ಲಿ ಏನಿದೆಯೋ ಅದನ್ನು ಉಜ್ಜುತ್ತಲೇ ಇರುತ್ತಾನೆ. ಒಮ್ಮೆ ಮಗಳ ಫೋನು ಬಂದಾಗ ಮಾತಾಡುತ್ತ ಆಡುತ್ತ ಅಡುಗೆಮನೆಯ ಬಾಗಿಲ ಚೌಕಟ್ಟಿನ ಬಣ್ಣವನ್ನೇ ಉಜ್ಜಿ ತೆಗೆದಿದ್ದ.

ದೋಣಿ ಅವನ ಸೋದರಮಾವ ಕಟ್ಟಿದ್ದು. ಮಾವ ಹೋಗುವಾಗ ಅಳಿಯನಿಗೆ ಬಿಟ್ಟುಹೋದರು. ಹಳೇ ಕಾಲದ ಹಾಯಿದೋಣಿ. ಕಿರಿದಾದ ಮೈ, ಆಳವಾದ ಹೊಟ್ಟೆ, ಮುಂದಿನಿಂದ ಹಿಂದಿನವರೆಗೂ ಒಂದೇ ಉದ್ದನೆಯ ಅಡಿಮರ, ಕುಳ್ಳಗಿನ ದಪ್ಪ ಹಾಯಿಕಂಬ. ಒಳಗೆ ಹೊಕ್ಕರೆ ಎಣ್ಣೆ, ಡಾಂಬರು ಮತ್ತು ಹಳೇ ಹಗ್ಗದ ವಾಸನೆ. ಮಲಗುವ ಜಾಗ ಎಷ್ಟು ಇಕ್ಕಟ್ಟೆಂದರೆ ಮಗ್ಗುಲು ಬದಲಿಸಬೇಕಾದರೆ ಎದ್ದು ಹೊರಗೆ ಬಂದು ತಿರುಗಿ ಮಲಗಬೇಕು. ಆದರೆ ಅದರ ಚಂದ ಬೇರೆಯೇ. ದೂರದಿಂದ ನೋಡಿದವರು ಕೂಡ ಒಂದು ಗಳಿಗೆ ನಿಂತು ನೋಡಿಯೇ ಮುಂದೆ ಹೋಗುತ್ತಿದ್ದರು.

ಹೊಲಿಗೆಯಕ್ಕ ಅದರಲ್ಲಿ ಒಂದೇ ಒಂದು ಸಲ ಸಮುದ್ರಕ್ಕೆ ಹೋಗಿದ್ದಳು. ಮದುವೆಯಾದ ಹೊಸತು, ಮಾವ ಇನ್ನೂ ಇದ್ದರು. ದಡದಿಂದ ಕಾಣುವ, ದೀಪಸ್ತಂಭವಿರುವ ಪುಟ್ಟ ದ್ವೀಪವೊಂದಕ್ಕೆ ಹೊರಟಿದ್ದರು. ದೋಣಿ ಅಲೆಯ ಮೇಲೆ ಹೊಡೆದಾಡಲಿಲ್ಲ. ಪ್ರತಿ ಅಲೆಯನ್ನೂ ಕೇಳಿ ಮಾತಾಡಿಸಿಕೊಂಡು ಹೋದ ಹಾಗೆ ಏರಿ ಇಳಿದು ಹೋಯಿತು. ಮಾವ ಚುಕ್ಕಾಣಿ ಬಿಟ್ಟು ಟೀ ಲೋಟ ಹಿಡಿದು ಕೂತರೂ ತನ್ನ ದಾರಿ ತಾನೇ ಹಿಡಿದಿತ್ತು. ಅರ್ಧ ದಾರಿಯಲ್ಲಿ ಗಾಳಿ ಸತ್ತುಹೋಯಿತು. ಸಂಜೆಯಾಗುತ್ತ ಬಂತೆಂದು ಹಿಂದಿರುಗಿದರು.

"ಮುಂದಿನ ವರ್ಷ ನಾವಿಬ್ಬರೇ ಹೋಗೋಣ," ಎಂದು ಗಂಡ ಕಿವಿಯಲ್ಲಿ ಹೇಳಿದ್ದ. ಅದಾದ ಮೇಲೆ ಮಾವ ಕಾಲವಾದರು, ದೋಣಿಯನ್ನು 'ಸ್ವಲ್ಪ ಸರಿಮಾಡಲು' ನೆಲಕ್ಕೆ ಎತ್ತಿಸಿದ. ಸ್ವಲ್ಪ ಎಂಬ ಮಾತಿಗೆ ಇಷ್ಟು ಉದ್ದದ ಅರ್ಥ ಇರುತ್ತದೆಂದು ಅವಳಿಗೆ ಆಗ ಯಾರು ಹೇಳಬೇಕಿತ್ತು?

ಅವಳು ಸುಮ್ಮನೆ ಕೂರಲಿಲ್ಲ. ಊರವರ ಹಾಯಿಗಳಿಗೆ ತೇಪೆ ಹಾಕುತ್ತ, ಬಿಡುವು ಸಿಕ್ಕಾಗ ತಮ್ಮ ದೋಣಿಗೊಂದು ದೊಡ್ಡ ಹಾಯಿ ಹೊಲಿದಳು. ಕೆನೆ ಬಣ್ಣದ ಬಟ್ಟೆ, ನಾಲ್ಕು ಮೂಲೆಯ ಹಳೇ ಕಾಲದ ಹಾಯಿ, ಮೂಲೆಗಳಲ್ಲಿ ಕೈಯಿಂದಲೇ ಹೊಲಿದ ಹಗ್ಗದ ಕಟ್ಟು. ಅವಳ ಜೀವಮಾನದ ಕೆಲಸವೆಂದರೆ ಅದೇ. ಮುಗಿಸಿ, ಮಡಿಸಿ, ಚೀಲಕ್ಕೆ ತುಂಬಿಟ್ಟಳು. ವರ್ಷಕ್ಕೊಮ್ಮೆ ತೆಗೆದು ಬಿಸಿಲು ತೋರಿಸಿ ಮತ್ತೆ ಮಡಿಸುವಳು. ಮಡಿಕೆಗಳ ಗೆರೆ ಆಗಲೇ ಹಳದಿಗೆ ತಿರುಗಿತ್ತು. ಗಾಳಿ ಕಾಣುವ ಮೊದಲೇ ಹಾಯಿಗೆ ಮುಪ್ಪು ಬರುತ್ತಿದೆಯಲ್ಲ ಎಂದುಕೊಳ್ಳುತ್ತಿದ್ದಳು.

ಮಗಳು ಫೋನು ಮಾಡಿದಾಗ ಊಟ ಆಯಿತಾ ಎಂದು ಕೇಳುವ ಮೊದಲು ಕೇಳುವುದೇ ಅದು. "ಅಮ್ಮಾ, ದೋಣಿ ನೀರಿಗೆ ಬಿತ್ತಾ?"

"ನಿಮ್ಮಪ್ಪನ್ನೇ ಕೇಳು," ಎಂದು ಇವಳು ಫೋನು ದಾಟಿಸುವಳು.

"ಮುಂದಿನ ವರ್ಷ ಮಗಳೇ, ಗ್ಯಾರಂಟಿ," ಎನ್ನುವನು ಉಜ್ಜಣ್ಣ. ಸುಳ್ಳು ಹೇಳುತ್ತಿದ್ದಾನೆ ಅನ್ನುವ ಹಾಗೂ ಇಲ್ಲ. ಪ್ರತಿ ಸಲವೂ ಅವನು ಅದನ್ನು ಮನಸಾರೆ ನಂಬಿಯೇ ಹೇಳುತ್ತಿದ್ದ.

ಹೀಗಿರುವಾಗ ಅವರ ದೋಣಿಯ ಪಕ್ಕಕ್ಕೆ ಹಲ್ಲಿನ ಡಾಕ್ಟರಮ್ಮನ ಹೊಸ ದೋಣಿ ಬಂದು ನಿಂತಿತು.

ಡಾಕ್ಟರಮ್ಮ ಒಂಟಿ ಹೆಂಗಸು, ಗಟ್ಟಿ ಗಂಟಲು, ದಿನವಿಡೀ ಬೇರೆಯವರ ಬಾಯಿ ತೆರೆಸಿಟ್ಟು ತಾನೊಬ್ಬಳೇ ಮಾತಾಡಿ ಅಭ್ಯಾಸ. ದೋಣಿ ಈ ಕಾಲದ್ದು. ಫೈಬರಿನ ಬಿಳೀ ಮೈ, ಎಲ್ಲೂ ಒಂದು ಗೆರೆಯಿಲ್ಲ. ಹಿಂಭಾಗ ಬಸ್ಸಿನಷ್ಟು ಅಗಲ, ಚುಕ್ಕಾಣಿಗೆ ಒಂದಲ್ಲ, ಎರಡು ಚಕ್ರ. ಅಡಿಯಲ್ಲಿ ಉದ್ದನೆಯ ಮರದ ಬದಲು ಮೀನಿನ ರೆಕ್ಕೆಯಂಥ ಒಂದು ತೆಳುವಾದ ಭಾರ. ಒಳಗೆ ಫ್ರಿಜ್ಜು, ಒಲೆ, ಬಿಸಿನೀರು, ನೆಟ್ಟಗೆ ನಿಲ್ಲುವಷ್ಟು ಎತ್ತರ, ಕಾಲು ಚಾಚಿ ಮಲಗುವಷ್ಟು ಹಾಸಿಗೆ.

ಉಜ್ಜಣ್ಣ ಅದರ ಕಡೆ ನೋಡಿ ಮೂಗು ಮುರಿದ. "ಪ್ಲಾಸ್ಟಿಕ್ ಬಕೆಟ್ಟು! ಇದರಲ್ಲಿ ಬಟ್ಟೆ ನೆನೆಹಾಕಬಹುದು ಅಷ್ಟೇ."

ಬಕೆಟ್ಟು ಬಂದ ವಾರವೇ ನೀರಿಗೆ ಇಳಿಯಿತು. ಪ್ರತಿ ಭಾನುವಾರ ಹೊರಗೆ ಹೋಗಿ, ಸಂಜೆಗೆ ಹಿಂದೆ ಬರತೊಡಗಿತು. ಹೊಲಿಗೆಯಕ್ಕ ಮಹಡಿಯ ಕಿಟಕಿಯಿಂದ ಅದನ್ನು ನೋಡುತ್ತಿದ್ದಳು. ಸೂಜಿ ಬೆರಳಿಗೆ ಚುಚ್ಚುತ್ತಿತ್ತು.

ಹೀಗೇ ಮೂರ್ನಾಲ್ಕು ವರ್ಷ ಕಳೆದ ಮೇಲೆ ಡಾಕ್ಟರಮ್ಮನ ದೋಣಿಯ ಮುಂಭಾಗದ ಹಾಯಿಯ ಒಂದು ಅಂಚು ಬಿಚ್ಚಿಕೊಂಡು ಹೊಲಿಗೆಗೆ ಬಂತು. ಹೊಲಿದ ಮೇಲೆ ಗಾಳಿಯಲ್ಲಿ ಹೇಗೆ ನಿಲ್ಲುತ್ತದೋ ನೋಡಬೇಕಲ್ಲ. "ನೀವೇ ಬಂದು ನೋಡಿಬಿಡಿ ಅಕ್ಕಾ," ಎಂದಳು ಡಾಕ್ಟರಮ್ಮ. ಕೆಲಸದ ನೆವ ಸಿಕ್ಕಿತು, ಇವಳು ಹೋದಳು.

ಇಷ್ಟು ಕಾಲ ಗಂಡ ಆ ದೋಣಿಯ ಮೇಲೆ ಹೊರಿಸಿದ್ದ ಆರೋಪಗಳನ್ನೆಲ್ಲ ಅವಳು ಒಂದೊಂದಾಗಿ ತಾಳೆ ನೋಡಿದಳು. ಅಲೆಗೆ ಎದುರಾಗಿ ಹೋದರೆ ಚಪ್ಪಟೆ ಹೊಟ್ಟೆ ಧಪ್ ಧಪ್ಪೆಂದು ನೀರಿಗೆ ಬಡಿಯುತ್ತಿತ್ತು, ನಿಜ. ಹಲ್ಲುಗಳು ಕಟಕಟ ಅಂದವು. ಚಕ್ರದಿಂದ ಕೈ ತೆಗೆದರೆ ತಲೆ ತಿರುಗಿದವರ ಹಾಗೆ ಎತ್ತೆತ್ತಲೋ ಹೊರಳುತ್ತಿತ್ತು, ಅದೂ ನಿಜ. ಆದರೆ ಗಂಡ ಹೇಳದೆ ಬಿಟ್ಟದ್ದೂ ಬಹಳವಿತ್ತು. ಮಾವನ ದೋಣಿ ಊರೆಲ್ಲ ಸುತ್ತಿ ತಿರುಗುವ ಕಡೆ ಇದು ನಿಂತಲ್ಲೇ ತಿರುಗಿತು. ಗಾಳಿ ಬರುವ ದಿಕ್ಕಿಗೇ ಮೂಗು ತೂರಿಸಿಕೊಂಡು ಹೋಯಿತು. ಎಲೆ ಅಲುಗದಷ್ಟು ಗಾಳಿಯಲ್ಲೂ ಸರಸರನೆ ಸಾಗಿತು. ಅಂದು ಮಾವನ ಜೊತೆ ಇದರಲ್ಲಿ ಹೋಗಿದ್ದರೆ ದ್ವೀಪಕ್ಕೆ ಹೋಗಿ, ಬಂದು, ಊಟವನ್ನೂ ಮುಗಿಸಬಹುದಿತ್ತು.

"ಹೇಗೂ ಬಂದಿದ್ದೀವಿ, ದ್ವೀಪದ ಹತ್ತಿರ ಹೋಗಿ ಬರೋಣ್ವಾ ಅಕ್ಕಾ?" ಎಂದು ಕೇಳಿದಳು ಡಾಕ್ಟರಮ್ಮ.

ಹೊಲಿಗೆಯಕ್ಕನ ಬಾಯಲ್ಲಿ ಹೂಂ ಬಂದೇಬಿಟ್ಟಿತ್ತು. ನುಂಗಿಕೊಂಡಳು. "ಬೇಡ ಡಾಕ್ಟ್ರೇ. ಅಲ್ಲಿಗೆ ನಮ್ಮ ದೋಣಿಯಲ್ಲೇ ಹೋಗ್ಬೇಕು ಅಂತಿದೆ."

ಡಾಕ್ಟರಮ್ಮ ನಗಲಿಲ್ಲ. ನಕ್ಕಿದ್ದರೇ ಚೆನ್ನಾಗಿತ್ತು ಅನ್ನಿಸಿತು ಇವಳಿಗೆ.

ಮನೆಗೆ ಬಂದರೆ ಗಂಡ ಬಾಗಿಲಲ್ಲೇ ಕಾಯುತ್ತಿದ್ದ. "ಹೊಡೀತಾ? ಧಪ್ ಧಪ್ ಅಂತ ಹೊಡೀತಾ?"

"ಹೊಡೀತು."

"ನಾನು ಹೇಳ್ಲಿಲ್ವಾ!" ಅವನ ಮುಖ ಅರಳಿತು.

"ಹೊಡೀತು ರೀ, ಆದ್ರೆ ಹೋಯ್ತು. ನಿಮ್ಮದು ಹೊಡೆಯೋದೂ ಇಲ್ಲ, ಹೋಗೋದೂ ಇಲ್ಲ."

ಅರಳಿದ ಮುಖ ಮುದುಡಿತು. ಆದರೆ ಮಾತು ಎಲ್ಲೋ ನಾಟಿತ್ತು. "ಈ ವರ್ಷವೇ ಇಳಿಸ್ತೀನಿ," ಎಂದು ಉಜ್ಜಣ್ಣ ಮೊದಲ ಬಾರಿಗೆ ವರ್ಷ ಬದಲಿಸಿದ. ಕ್ರೇನಿನವನಿಗೂ ದಿನ ಹೇಳಿಬಂದ. ಹೊಲಿಗೆಯಕ್ಕ ನಂಬಲೋ ಬೇಡವೋ ಎಂದು ಹಾಯಿ ಚೀಲದ ಬಾಯಿ ಬಿಚ್ಚಿದಳು.

ಎಡವಟ್ಟಾದದ್ದು ಆಮೇಲೆ. ಅಂಗಳಕ್ಕೆ ದೋಣಿ ನೋಡಲು ಯಾರೋ ನಾಲ್ಕು ಜನ ಬಂದಿದ್ದರು. ಚೊಕ್ಕಟ ಮಾಡಲೆಂದು ಡಾಕ್ಟರಮ್ಮನ ದೋಣಿಯನ್ನೂ ಆ ವಾರ ಮೇಲೆತ್ತಿದ್ದರು. ಎರಡೂ ಅಕ್ಕಪಕ್ಕ. ಬಂದವರು ಬಿಳೀ ಮೈಯಲ್ಲಿ ತಮ್ಮ ಮುಖ ನೋಡಿಕೊಂಡು ಫೋಟೋ ತೆಗೆದುಕೊಂಡರು. ಒಬ್ಬಳು ಉಜ್ಜಣ್ಣನ ದೋಣಿಯ ಮೇಲೆ ಕೈಯಾಡಿಸಿ, "ಇದು ಚೆನ್ನಾಗಿದೆ, ಆದ್ರೆ ಪಾಪ, ಮೈಯೆಲ್ಲ ಗೀರು ಗೀರು," ಎಂದಳು.

ಗೀರಲ್ಲ ಅದು. ಹಲಗೆ ಹಲಗೆಯ ನಡುವಿನ ಸಂದು. ಮರದ ದೋಣಿಗೆ ಆ ಸಂದು ಬೇಕೇ ಬೇಕು. ನೆಲದ ಮೇಲೆ ಒಣಗಿದ ಮರ ಕುಗ್ಗುತ್ತದೆ, ನೀರಿಗಿಳಿದರೆ ನೀರು ಕುಡಿದು ಉಬ್ಬುತ್ತದೆ. ಉಬ್ಬಿದಾಗ ಜಾಗ ಬೇಕಲ್ಲ, ಅದಕ್ಕೇ ಸಂದಿಗೆ ಹತ್ತಿಯ ನೂಲು, ಅದರ ಮೇಲೆ ಮೆತ್ತನೆಯ ಪುಟ್ಟಿ. ಇಳಿಸಿದಾಗ ಮೊದಮೊದಲು ಸೋರುತ್ತದೆ, ಆಮೇಲೆ ಹಲಗೆಗಳು ತಾವೇ ಒಂದಕ್ಕೊಂದು ಒತ್ತಿಕೊಂಡು ನೀರು ನಿಲ್ಲುತ್ತದೆ. ಉಜ್ಜಣ್ಣನಿಗೆ ಇದು ಗೊತ್ತಿರಲಿಲ್ಲವೇ? ಮಾವ ಅವನ ಕೈಯಿಂದಲೇ ಸಂದಿಗೆ ನೂಲು ತುಂಬಿಸಿದ್ದರು. ಅಂಗಳದಲ್ಲಿ ಸಿಕ್ಕಸಿಕ್ಕವರನ್ನೆಲ್ಲ ನಿಲ್ಲಿಸಿ ಇದನ್ನೇ ಪಾಠ ಹೇಳುತ್ತಿದ್ದವನು ಅವನೇ. ಆದರೆ ಜೀವಮಾನವೆಲ್ಲ ಸಂದಿಲ್ಲದ ಬೀರು ಮಾಡಿದವನಿಗೆ 'ಗೀರು' ಎಂಬ ಒಂದು ಮಾತು ಕೆನ್ನೆಗೆ ಬಿಟ್ಟ ಹಾಗಾಯಿತು.

ಮಾರನೆಯ ದಿನ ಅವನು ಸಂದುಗಳ ಪುಟ್ಟಿಯನ್ನೂ ನೂಲನ್ನೂ ಕೆರೆದು ತೆಗೆದ. ಎರಡು ಡಬ್ಬಿಯದು ಕಲಸಿದರೆ ಕಲ್ಲಾಗುವ ಅಂಟು ತಂದು ತುಂಬತೊಡಗಿದ. ಹೊಲಿಗೆಯಕ್ಕ ಟೀ ಕೊಡಲು ಕೆಳಗೆ ಬಂದವಳು ಅಂಟು ಮುಟ್ಟಿ ನೋಡಿದಳು. ಉಗುರು ಇಳಿಯಲಿಲ್ಲ.

"ಇದೇನ್ರೀ, ಇಷ್ಟು ಗಟ್ಟಿ? ಮರ ಉಬ್ಬಿದ್ರೆ ಎಲ್ಲಿಗೆ ಹೋಗ್ಬೇಕು?"

"ಉಬ್ಬಲ್ಲ. ನೀರು ಒಳಗೆ ಹೋದ್ರೆ ತಾನೇ ಉಬ್ಬೋದು? ಇದು ಒಂದು ಹನಿಯನ್ನೂ ಬಿಡಲ್ಲ."

"ಮಾವ ಮೆತ್ತಗಿರೋದು ಹಾಕ್ಬೇಕು ಅಂತಿದ್ರು. ನೀವೇ ಹೇಳ್ತಿದ್ರಿ."

"ಮಾವನ ಕಾಲದಲ್ಲಿ ಇದಿತ್ತಾ? ಸುಮ್ನಿರು ಮಾರಾಯ್ತಿ. ಹಾಯಿ ಹೊಲಿಯೋಳು ಹಾಯಿ ಹೊಲಿ."

ಅವಳ ನಾಲಿಗೆಯ ತುದಿಗೆ ಇನ್ನೊಂದು ಮಾತು ಬಂದಿತ್ತು. ಆಡಿದರೆ ಜಗಳ, ಜಗಳವಾದರೆ ಕೆಲಸ ನಿಲ್ಲುತ್ತದೆ, ನಿಂತರೆ ಮತ್ತೆ ಮುಂದಿನ ವರ್ಷ. ಹಲ್ಲು ಕಚ್ಚಿಕೊಂಡು ಮೆಟ್ಟಿಲು ಹತ್ತಿದಳು. ಕೆಳಗೆ ಉಜ್ಜುವ ಸದ್ದು ಶುರುವಾಯಿತು. ಕೆಲವೇ ದಿನಗಳಲ್ಲಿ ಹಳೇ ದೋಣಿಯ ಮೈ ಪಕ್ಕದ ದೋಣಿಯ ಮೈಯಷ್ಟೇ ನುಣುಪಾಯಿತು. ಬಣ್ಣ ಬಳಿದಾಗ ಕ್ರೇನಿನವನು ಕೂಡ, "ಅಣ್ಣಾ, ಇದೇನು ಹೊಸಾದು ತಂದ್ಯಾ?" ಎಂದ. ಉಜ್ಜಣ್ಣ ಅಂದು ಎರಡು ಸಲ ಊಟ ಬಡಿಸಿಕೊಂಡ.

ಇಳಿಸುವ ದಿನ ಮಗಳು ಫೋನಿನಲ್ಲೇ ನೋಡುತ್ತಿದ್ದಳು. ಕ್ರೇನಿನ ಪಟ್ಟಿಗಳಲ್ಲಿ ತೂಗಾಡಿಕೊಂಡು ದೋಣಿ ನೀರು ಮುಟ್ಟಿತು. "ಅಮ್ಮಾ, ಬಿತ್ತು! ಬಿತ್ತು!" ಎಂದು ಮಗಳು ಕಿರುಚಿದಳು. ಹೊಲಿಗೆಯಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಡಿಮರದ ಹತ್ತಿರ ಸ್ವಲ್ಪ ಜಿನುಗಿತು. ಪಂಪು ಹಾಕಿದರು. ಮರುದಿನಕ್ಕೆ ಅದೂ ನಿಂತಿತು. "ಕಂಡ್ಯಾ?" ಎಂದು ಉಜ್ಜಣ್ಣ ಹುಬ್ಬು ಹಾರಿಸಿದ. ಅವಳು ಹಾಯಿ ತಂದಳು. ಇಬ್ಬರೂ ಸೇರಿ ಕಂಬಕ್ಕೆ ಕಟ್ಟಿದರು. ಭಾನುವಾರ ದ್ವೀಪಕ್ಕೆ ಹೋಗುವುದೆಂದು ಆಯಿತು. ಅವಳು ಬುತ್ತಿಯ ಡಬ್ಬಿಯನ್ನು ಕೂಡ ತೊಳೆದಿಟ್ಟಳು.

ಶನಿವಾರ ಮಧ್ಯಾಹ್ನ ಇಬ್ಬರೂ ದೋಣಿಯೊಳಗಿದ್ದರು. ಅವಳು ಹಾಸಿಗೆಗೆ ಹೊದಿಕೆ ಹಾಕುತ್ತಿದ್ದಳು, ಅವನು ಏನನ್ನೋ ಉಜ್ಜುತ್ತಿದ್ದ. ಫಟ್ ಎಂದು ಸದ್ದಾಯಿತು. ಒಣ ಕಟ್ಟಿಗೆಯನ್ನು ಮೊಣಕಾಲ ಮೇಲಿಟ್ಟು ಮುರಿದಂಥ ಸದ್ದು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಮತ್ತೊಂದು ಫಟ್. ಆಮೇಲೆ ಇನ್ನೊಂದು, ಆಚೆ ಬದಿಯಲ್ಲಿ.

ಹೊರಗೆ ಅಂಟು ಹನಿ ಬಿಟ್ಟಿರಲಿಲ್ಲ, ಸರಿಯೇ. ಆದರೆ ಒಳಗಿನಿಂದ, ಅಡಿಯಿಂದ, ತೇವದಿಂದ, ಮರ ತಾನು ಕುಡಿಯಬೇಕಾದ್ದನ್ನು ಕುಡಿದೇ ಕುಡಿದಿತ್ತು. ಉಬ್ಬಿದ ಹಲಗೆಗಳಿಗೆ ಸಂದಿಯಲ್ಲಿ ಜಾಗವಿಲ್ಲ, ಕಲ್ಲು ಕೂತಿದೆ. ಅವು ಹೊರಕ್ಕೆ ತಳ್ಳಿಕೊಂಡು ಹೋಗಿ, ದೋಣಿಗೆ ಪಕ್ಕೆಲುಬಿನಂತಿದ್ದ ಒಳಗಿನ ಬಾಗುಮರಗಳನ್ನು ಒಂದೊಂದಾಗಿ ಮುರಿಯುತ್ತಿದ್ದವು. ಕಾಲಡಿಯಲ್ಲಿ ನೀರು ಏರಿತು. ಹೊದಿಕೆ ತೊಯ್ಯಿತು.

ಕ್ರೇನಿನವನು ಊಟ ಬಿಟ್ಟು ಓಡಿಬಂದು ಎತ್ತಿದ, ಮುಳುಗಲಿಲ್ಲ ಅನ್ನುವುದೊಂದೇ ಪುಣ್ಯ. ದೋಣಿ ಮತ್ತೆ ಅದೇ ಜಾಗಕ್ಕೆ ಬಂದು ಕೂತಿತು. ಮೈಯಿಂದ ನೀರು ಸೋರುತ್ತಿತ್ತು. ಕನ್ನಡಿಯಂಥ ಬಣ್ಣ ಉದ್ದಕ್ಕೂ ಸೀಳಿತ್ತು. ಉಜ್ಜಣ್ಣ ಅದರ ಕೆಳಗೆ ಕೂತು ಮೇಲೆ ನೋಡುತ್ತಿದ್ದ. ಅವನ ಮುಖ ನೋಡಿದರೆ ಯಾರಿಗಾದರೂ ಅಯ್ಯೋ ಅನ್ನಿಸಬೇಕು. ಅವಳಿಗೂ ಅನ್ನಿಸಿತು. ಆದರೆ ಆ ಅಯ್ಯೋದ ಬೆನ್ನಿಗೇ ಸಿಟ್ಟು ಎದ್ದು ಬಂತು. ನಾನು ಹೇಳಿದ್ದೆ ಅನ್ನಬೇಕೆಂದು ಬಾಯಿ ತೆರೆದಳು. ಅನ್ನಲಿಲ್ಲ. ಅಂದು ಏನು ಸುಖ?

ಸಂಜೆಗೆ ಅವನೇ ಮಾತು ತೆಗೆದ. "ಬಾಗುಮರ ಎಲ್ಲ ಹೊಸದಾಗಿ ಹಾಕ್ಬೇಕು. ಸಂದು ಕೆರೀಬೇಕು. ಮುಂದಿನ ವರ್ಷ..."

ಅವಳು ಎದ್ದು ಮಹಡಿಗೆ ಹೋದಳು.

ಡಾಕ್ಟರಮ್ಮನ ದೋಣಿಯ ಆ ಮುಂಭಾಗದ ಹಾಯಿ ಮೂಲೆಯಲ್ಲಿ ಬಿದ್ದಿತ್ತು. ಮೊನ್ನೆಯ ಜೋರು ಗಾಳಿಗೆ ಮತ್ತೆ ಹರಿದು ಬಂದದ್ದು. ಬಿಸಿಲಿಗೆ ಬಟ್ಟೆಯೇ ಜೀರ್ಣವಾಗಿತ್ತು, ತೇಪೆ ನಿಲ್ಲುವಂತಿರಲಿಲ್ಲ. ಹೊಸ ಹಾಯಿ ಕಂಪನಿಯಿಂದ ಬರುವಷ್ಟರಲ್ಲಿ ಗಾಳಿಯ ಕಾಲವೇ ಮುಗಿಯುತ್ತಿತ್ತು. ಹೊಲಿಗೆಯಕ್ಕ ಅದನ್ನು ನೆಲದ ಮೇಲೆ ಹರಡಿದಳು. ಮೂರು ಮೂಲೆಯ, ಉದ್ದನೆಯ ಹಾಯಿ. ದೋಣಿ ಮೇಲೆತ್ತಿದ ಮೇಲೆ ಕಂಬದಿಂದ ಬಿಚ್ಚಿ ತಂದಿದ್ದ ತನ್ನ ಕೆನೆ ಬಣ್ಣದ ಹಾಯಿಯನ್ನು ಅದರಡಿಗೆ ಹರಡಿದಳು. ಸೀಮೆಸುಣ್ಣದಿಂದ ಗೆರೆ ಎಳೆದಳು. ಕತ್ತರಿ ಕೈಗೆತ್ತಿಕೊಂಡು ಸ್ವಲ್ಪ ಹೊತ್ತು ಕೂತಳು. ಆಮೇಲೆ ಕತ್ತರಿಸಿದಳು.

ಉಜ್ಜಣ್ಣ ಬಾಗಿಲಿಗೆ ಬಂದಾಗ ಒಂದು ಮೂಲೆ ಆಗಲೇ ಬೇರೆಯಾಗಿತ್ತು. ಕೈಯಿಂದ ಹೊಲಿದ ಹಗ್ಗದ ಕಟ್ಟಿದ್ದ ಮೂಲೆ.

"ಏನೇ ಮಾಡ್ತಿದ್ದೀಯಾ?"

"ಡಾಕ್ಟರಮ್ಮಂಗೆ ಹಾಯಿ."

"ಅದು ನಮ್ಮ ದೋಣೀದು."

"ನಮ್ಮ ದೋಣಿ ಎಲ್ಲಿದೆ ಹೇಳಿ?" ಅವಳ ದನಿ ಏರಿತು. "ಗಾಳಿ ಕಾಣ್ಲಿ ಅಂತ ಹೊಲಿದೆ ರೀ ಇದನ್ನ. ಬಿಸಿಲಿಗೆ ಹಾಕಿ ಮಡಿಸೋಕಲ್ಲ."

ಅವನು ಬಾಗಿಲಲ್ಲೇ ನಿಂತಿದ್ದ. ಕೈ ಚೌಕಟ್ಟಿನ ಮೇಲಿತ್ತು, ಉಜ್ಜುತ್ತಿರಲಿಲ್ಲ. ಆಮೇಲೆ ಕೆಳಗಿಳಿದು ಹೋದ.

ಮುಂದಿನ ಭಾನುವಾರ ಅವಳು ಡಾಕ್ಟರಮ್ಮನ ಜೊತೆ ಹೋದಳು. ದೋಣಿ ಕಟ್ಟುವ ಧಕ್ಕೆ ದಾಟುವಾಗ ಅಂಗಳದ ಕಡೆ ನೋಡಿದಳು. ಉಜ್ಜಣ್ಣ ದೋಣಿಗೆ ಮುಖ ಮಾಡಿ, ಇತ್ತ ಬೆನ್ನು ಹಾಕಿ, ಸಂದಿನಿಂದ ಅಂಟು ಕೆರೆಯುತ್ತಿದ್ದ. ಅವಳು ಕೈ ಎತ್ತಿದಳು. ಅವನು ತಿರುಗಲಿಲ್ಲ. ಹಾಳಾಗಿ ಹೋಗಲಿ ಎಂದುಕೊಂಡು ಅವಳು ಹಗ್ಗ ಎಳೆದಳು. ಕೆನೆ ಬಣ್ಣದ ಬಟ್ಟೆ ಒಮ್ಮೆ ಪಟಪಟಿಸಿ, ಗಾಳಿ ತುಂಬಿಕೊಂಡು, ಬಿಗಿದು ನಿಂತಿತು. ಹಳದಿ ಮಡಿಕೆಗಳು ಒಂದೊಂದಾಗಿ ಸಪಾಟಾದವು.

ದ್ವೀಪದಲ್ಲಿ ಏನೂ ಇರಲಿಲ್ಲ. ಬೀಗ ಹಾಕಿದ ದೀಪಸ್ತಂಭ, ತುಕ್ಕು ಹಿಡಿದ ಏಣಿ, ಬಂಡೆಗಳ ತುಂಬ ಹಕ್ಕಿಯ ಹಿಕ್ಕೆ. ಇದಕ್ಕಾ ಇಷ್ಟು ವರ್ಷ ಕಾದದ್ದು ಎಂದು ಅವಳಿಗೆ ನಗು ಬಂತು, ಅದರ ಜೊತೆಗೆ ಬೇಡವೆಂದರೂ ಕಣ್ಣೀರು ಬಂತು. ಹಿಂದಿರುಗುವಾಗ ದೋಣಿ ಅಲೆಗೆ ಧಪ್ ಧಪ್ಪೆಂದು ಬಡಿಯಿತು. ಮಾವನ ದೋಣಿ ಹೀಗೆ ಬಡಿಯುತ್ತಿರಲಿಲ್ಲವೆಂಬುದು ಪ್ರತಿ ಹೊಡೆತಕ್ಕೂ ನೆನಪಾಯಿತು.

ಅಂಗಳಕ್ಕೆ ಬಂದಾಗ ಅವನು ಇನ್ನೂ ಕೆರೆಯುತ್ತಲೇ ಇದ್ದ. ಪುಡಿ ಅವನ ಕೂದಲಲ್ಲೆಲ್ಲ ಇತ್ತು. ತಲೆಯೆತ್ತದೆ ಹೇಳಿದ, "ಹಾಯಿಯ ಹಿಂದಿನ ಅಂಚು ನಡುಗ್ತಿತ್ತು. ಮೇಲಿನ ಅರ್ಧ."

ಅವಳು ನಿಂತುಬಿಟ್ಟಳು. "ನೀವೆಲ್ಲಿ ನೋಡಿದ್ರಿ?"

"ನಿನ್ನ ಕಿಟಕಿಯಿಂದ. ಮಾವನ ದುರ್ಬೀನು ಇತ್ತಲ್ಲ."

ಅಂದರೆ ಅವಳು ಧಕ್ಕೆ ದಾಟಿದ ಮೇಲೆ ಮೆಟ್ಟಿಲು ಹತ್ತಿ ಹೋಗಿದ್ದಾನೆ. ದ್ವೀಪದವರೆಗೂ ನೋಡಿದ್ದಾನೆ. ನೋಡಿ, ಇಷ್ಟು ವರ್ಷಗಳ ನಂತರ ಗಾಳಿ ತುಂಬಿದ ಆ ಹಾಯಿಯನ್ನು ಕಣ್ಣಾರೆ ನೋಡಿ, ಅವನ ಬಾಯಿಗೆ ಬಂದದ್ದು ಅಂಚು ನಡುಗಿತು ಅನ್ನುವುದು! ಅವಳಿಗೆ ಅವನ ಕೈಯ ಉಳಿಯನ್ನು ಕಿತ್ತು ಎಸೆಯಬೇಕೆನ್ನಿಸಿತು. ಅದಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ಅವನು ಹೇಳಿದ್ದು ಸರಿಯಾಗಿದ್ದದ್ದಕ್ಕೆ. ಅಂಚು ನಡುಗಿತ್ತು, ಅಲ್ಲಿ ಬಿಗಿ ಸಾಲದಾಗಿತ್ತು. ಮೇಲಿನ ಅರ್ಧವೇ.

"ದೂರದಿಂದ ಹೇಳ್ಬೇಡಿ," ಎಂದಳು. "ಹತ್ತಿರ ಬಂದು ನೋಡಿ."

"ಬಾಗುಮರ ಹಾಕಿಬಿಟ್ರೆ ಮುಂದಿನ ವರ್ಷ..." ಎಂದವನು ಅಲ್ಲಿಗೇ ನಿಲ್ಲಿಸಿದ.

"ಭಾನುವಾರ," ಎಂದಳು ಹೊಲಿಗೆಯಕ್ಕ. "ಬರೋ ಭಾನುವಾರ. ನಾನಂತೂ ಹೋಗ್ತೀನಿ."

"ಆ ಬಕೆಟ್ಟಿನಲ್ಲಾ?"

"ಹೂಂ. ಆ ಬಕೆಟ್ಟಿನಲ್ಲೇ."

ಉಜ್ಜಣ್ಣ ಕೆರೆದು ತೆರೆದಿದ್ದ ಸಂದಿನುದ್ದಕ್ಕೂ ಬೆರಳಾಡಿಸಿದ. ಬೆರಳಿನ ತುದಿ ಒಳಗೆ ಹೋಗುವಷ್ಟು ಜಾಗವಿತ್ತು. ಅವಳು ಮೆಟ್ಟಿಲ ಕಡೆ ಹೊರಟು ಅರ್ಧ ದಾರಿ ನಡೆದ ಮೇಲೆ ಹಿಂದಿನಿಂದ ಕೇಳಿದ, "ಎಷ್ಟು ಹೊತ್ತಿಗೆ?"